ನಾಲ್ಕು ಸೈಟು, ನಾಲ್ಕು ಫೈಲು, ಸರ್ವೇಯರ್ ಮಾತ್ರ ಒಬ್ಬರೇ

ಆ ಸೋಮವಾರ ಬೆಳಿಗ್ಗೆ ಏಳೂವರೆ ಒಳಗೆ ನನಗೆ ಮೂರು ಫೋನ್ ಬಂದವು. ಮೂವರೂ ಕೇಳಿದ್ದು ಒಂದೇ. "ಸರ್ವೇಯರ್ ಎಲ್ಲಿ ಸಾರ್?"

ಬೋಗಾದಿ ಸೈಟಿನಲ್ಲಿ ಕಾಲಮ್ ಮಾರ್ಕಿಂಗ್ ಆಗಬೇಕಿತ್ತು. ನಂಜನಗೂಡಿನಲ್ಲಿ ಫೂಟಿಂಗ್‌ಗೆ ಲೈನ್ ಹಾಕಬೇಕಿತ್ತು. ಕೂರ್ಗಳ್ಳಿ ಶೆಡ್ಡಿನಲ್ಲಿ ಆಂಕರ್ ಬೋಲ್ಟ್ ಲೆವೆಲ್ ನೋಡಬೇಕಿತ್ತು. ಮೂರೂ ಕಡೆ ಪ್ಲಾನ್ ಪ್ರಕಾರವೇ ಕೆಲಸ, ಮೂರೂ ಪ್ಲಾನ್ ಹೊರಟಿದ್ದು ನಮ್ಮ ಆಫೀಸಿನಿಂದಲೇ. ಸರ್ವೇಯರ್ ಪಾಪ ಟೋಟಲ್ ಸ್ಟೇಷನ್ (ಟಿಎಸ್ ಅನ್ನುವ ಅಳತೆ ಯಂತ್ರ) ಪೆಟ್ಟಿಗೆ ಬೈಕಿಗೆ ಕಟ್ಟಿಕೊಂಡು, ಹಿಂದಿನ ರಾತ್ರಿ ಯಾರು ಮೊದಲು ಫೋನ್ ಮಾಡಿದ್ದರೋ ಅವರ ಕಡೆ, ಅಂದರೆ ನಂಜನಗೂಡಿಗೆ, ಹೋಗಿಬಿಟ್ಟಿದ್ದರು. ಬೋಗಾದಿಯಲ್ಲಿ 14 ಜನರ ಬಾರ್ ಬೆಂಡಿಂಗ್ ಗ್ಯಾಂಗು ಮಧ್ಯಾಹ್ನದ ತನಕ ಕಂಬಿ ರಾಶಿ ಪಕ್ಕ ಸುಮ್ನೆ ಕೂತಿತ್ತು. ಕೂತಿದ್ದಕ್ಕೂ ಕೂಲಿ ಕೊಟ್ಟೆವು. ಕೊಡದೆ ಹೇಗೆ? ತಪ್ಪು ಅವರದಲ್ಲವಲ್ಲ.

ನಾನು ಮೈಸೂರಿನ ಒಬ್ಬ ಸಣ್ಣ ಕಂಟ್ರಾಕ್ಟರ್ ಹತ್ತಿರ ಪ್ಲಾನಿಂಗ್ ಇಂಜಿನಿಯರ್. ಪ್ಲಾನಿಂಗ್ ಡಿಪಾರ್ಟ್‌ಮೆಂಟ್ ಅಂದರೆ ನಾನು, ಒಂದು ಕಂಪ್ಯೂಟರ್, ಅದರಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಅಂದರೆ ಯಾವ ಕೆಲಸ ಯಾವಾಗ, ಯಾರು ಮಾಡಬೇಕು ಅಂತ ಪ್ಲಾನ್ ಹಾಕುವ ಸಾಫ್ಟ್‌ವೇರ್ (ಮುಂದೆ ಬರೀ 'ಪ್ರಾಜೆಕ್ಟ್' ಅಂದರೂ ಇದೇ). ಆಗ ನಾಲ್ಕು ಸೈಟ್ ನಡೆಯುತ್ತಿದ್ದವು, ನಾಲ್ಕಕ್ಕೂ ಬೇರೆ ಬೇರೆ ಎಂಪಿಪಿ ಫೈಲ್ (ಆ ಸಾಫ್ಟ್‌ವೇರಿನ ಫೈಲ್). ಪ್ರತಿ ಫೈಲಿನಲ್ಲೂ ಸರ್ವೇಯರ್ ಇದ್ದಾರೆ, ಕಾಂಕ್ರೀಟ್ ಪಂಪ್ ಇದೆ, ಗ್ಯಾಂಗ್ ಇದೆ. ಒಂದೊಂದೇ ಫೈಲ್ ತೆರೆದು ನೋಡಿದರೆ ಎಲ್ಲಾ ಚೆನ್ನಾಗೇ ಇದೆ, ಎಲ್ಲೂ ಕೆಂಪು ಬಣ್ಣ ಇಲ್ಲ, ಅಂದರೆ ಯಾರ ಮೇಲೂ ಮಿತಿ ಮೀರಿ ಕೆಲಸ ಬಿದ್ದಿಲ್ಲ. ಯಾಕಂದ್ರೆ ಬೋಗಾದಿ ಫೈಲಿಗೆ ನಂಜನಗೂಡು ಅಂತ ಒಂದು ಊರು ಇರುವುದೇ ಗೊತ್ತಿಲ್ಲ.

ಎಂಡಿ ಸರ್ ಸಂಜೆ ಕರೆದು ಜಾಸ್ತಿ ಏನೂ ಬೈಯಲಿಲ್ಲ. "ಅಷ್ಟು ದುಡ್ಡು ಕೊಟ್ಟು ಆ ಸಾಫ್ಟ್‌ವೇರ್ ತಂದಿದ್ದು ಬಣ್ಣದ ಪಟ್ಟಿ ಪ್ರಿಂಟ್ ತೆಗೆಯೋಕಾ?" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಂದು ಹೊಸ ಫೈಲ್ ಮಾಡಿ, ಸಬ್‌ಪ್ರಾಜೆಕ್ಟ್ ಅಂತ ನಾಲ್ಕೂ ಫೈಲನ್ನು ಅದರೊಳಗೆ ಸೇರಿಸಿದೆ. ಮಾಸ್ಟರ್ ಪ್ರಾಜೆಕ್ಟ್ ಅನ್ನುತ್ತಾರಲ್ಲ, ಅದು. ನಾಲ್ಕು ಸೈಟಿನ ಕೆಲಸ ಒಂದೇ ಪರದೆ ಮೇಲೆ ಬಂತು, ಖುಷಿಯಾಯಿತು. ಆಮೇಲೆ ರಿಸೋರ್ಸ್ ಶೀಟ್, ಅಂದರೆ ಜನ ಮತ್ತು ಯಂತ್ರಗಳ ಪಟ್ಟಿ, ತೆರೆದೆ. ಅಲ್ಲಿ ನಾಲ್ಕು ಜನ ಸರ್ವೇಯರ್! ಮಾಸ್ಟರ್ ಫೈಲ್ ಕೆಲಸಗಳನ್ನು ಒಟ್ಟು ಸೇರಿಸುತ್ತದೆಯೇ ಹೊರತು ಜನರನ್ನಲ್ಲ. ಒಂದೊಂದು ಫೈಲಿನಿಂದ ಬಂದ ಸರ್ವೇಯರ್ ಒಂದೊಂದು ಸಾಲಿನಲ್ಲಿ ಬೇರೆ ಮನುಷ್ಯನಾಗಿಯೇ ಕೂತಿದ್ದರು, ಒಬ್ಬೊಬ್ಬರಿಗೂ ದಿನಕ್ಕೆ ಎಂಟು ಗಂಟೆ ಪುರಸೊತ್ತು. ಕಾಗದದ ಮೇಲೆ ನಾವು ಶ್ರೀಮಂತರು.

ಇದಕ್ಕೆ ಮದ್ದು ರಿಸೋರ್ಸ್ ಪೂಲ್. ಹೆಸರು ದೊಡ್ಡದು, ವಿಷಯ ಚಿಕ್ಕದು. ಕೆಲಸಗಳೇ ಇಲ್ಲದ, ಬರೀ ಜನ ಮತ್ತು ಯಂತ್ರಗಳ ಪಟ್ಟಿ ಇರುವ ಒಂದು ಫೈಲ್ ಮಾಡುತ್ತೀರಿ. ಅದನ್ನು ತೆರೆದಿಟ್ಟುಕೊಂಡು ಸೈಟಿನ ಫೈಲನ್ನೂ ತೆರೆಯುತ್ತೀರಿ. ಸೈಟಿನ ಫೈಲಿನಲ್ಲಿ ನಿಂತು ರಿಸೋರ್ಸ್ ಟ್ಯಾಬ್‌ಗೆ ಹೋಗಿ, ರಿಸೋರ್ಸ್ ಪೂಲ್ ಒತ್ತಿ, ಶೇರ್ ರಿಸೋರ್ಸಸ್ ಅಂತ ಆರಿಸಿದರೆ ಒಂದು ಡಬ್ಬಿ ತೆರೆಯುತ್ತದೆ. 'ನನ್ನ ಸ್ವಂತ ರಿಸೋರ್ಸ್' ಅನ್ನುವುದನ್ನು ಬಿಟ್ಟು 'ಇಂಥ ಫೈಲಿನ ರಿಸೋರ್ಸ್ ಬಳಸು' ಅಂತ ಹೇಳಿ ಪೂಲ್ ಫೈಲಿನ ಹೆಸರು ತೋರಿಸಬೇಕು. ಮುಗೀತು. ಇದನ್ನೇ ನಾಲ್ಕೂ ಫೈಲಿಗೆ ಮಾಡಿದರೆ ನಾಲ್ಕೂ ಒಂದೇ ಪಟ್ಟಿಯಿಂದ ಜನ ತೆಗೆದುಕೊಳ್ಳುತ್ತವೆ. ಯಾರು ಎಲ್ಲಿ ಎಷ್ಟು ಗಂಟೆ ಅನ್ನುವ ಲೆಕ್ಕ ಪೂಲಿನಲ್ಲಿ ಸೇರುತ್ತದೆ.

ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಮೂರು ದಿನ ಆಯಿತು.

ಮೊದಲನೇ ದಿನ ಪೂರ್ತಿ ಹೆಸರಿಗೇ ಹೋಯಿತು. ಪ್ರಾಜೆಕ್ಟ್‌ಗೆ ಮನುಷ್ಯ ಗೊತ್ತಾಗುವುದು ಹೆಸರಿನಿಂದ ಮಾತ್ರ. ಒಂದು ಫೈಲಿನಲ್ಲಿ 'ಸರ್ವೇಯರ್', ಇನ್ನೊಂದರಲ್ಲಿ 'ಸರ್ವೆ ಟೀಮ್', ಮೂರನೆಯದರಲ್ಲಿ 'ಟಿಎಸ್ ಆಪರೇಟರ್', ನಾಲ್ಕನೆಯದರಲ್ಲಿ ಅವರ ನಿಜವಾದ ಹೆಸರು, ಅದೂ ಇನಿಷಿಯಲ್ ಹಿಂದೆ. ನಾಲ್ಕೂ ಫೈಲನ್ನು ಪೂಲಿಗೆ ಜೋಡಿಸಿದಾಗ ಪೂಲಿನಲ್ಲಿ ಮತ್ತೆ ನಾಲ್ಕು ಜನ. ಸಾಫ್ಟ್‌ವೇರ್ ತಪ್ಪಲ್ಲ ಇದು, ನಮ್ಮ ಊರಿನ ಅಭ್ಯಾಸ. ಒಬ್ಬನೇ ಮನುಷ್ಯನನ್ನು ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು ಹೆಸರಿನಿಂದ ಕರೆಯುವವರು ನಾವು. ಎಲ್ಲಾ ಲಿಂಕ್ ಬಿಚ್ಚಿ, ಒಂದೊಂದು ಫೈಲಿಗೂ ಹೋಗಿ ಹೆಸರು ಸರಿ ಮಾಡಿ ಮತ್ತೆ ಜೋಡಿಸಿದೆ. ಹೊಸದಾಗಿ ಮಾಡುವವರಿಗೆ ಹೇಳುತ್ತೇನೆ, ಜೋಡಿಸುವ ಮೊದಲೇ ಎಲ್ಲಾ ಫೈಲಿನ ಹೆಸರಿನ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಸರಿ ಮಾಡುವುದು ಬೇಳೆಯಲ್ಲಿ ಕಲ್ಲು ಆರಿಸುವುದಲ್ಲ, ಅನ್ನದಲ್ಲಿ ಕಲ್ಲು ಆರಿಸುವ ಹಾಗೆ.

ಎರಡನೇ ದಿನ ಕಾಂಕ್ರೀಟ್ ಪಂಪಿನದು. ಪೂಲ್ ಸರಿಯಾದ ಮೇಲೆ ಸರ್ವೇಯರ್ ಹೆಸರು ಕೆಂಪಗಾಯಿತು, ಗ್ಯಾಂಗೂ ಕೆಂಪಾಯಿತು, ಪಂಪ್ ಮಾತ್ರ ತಣ್ಣಗೆ ಕಪ್ಪು ಅಕ್ಷರದಲ್ಲೇ ಇತ್ತು. ಒಂದೇ ದಿನ ಎರಡು ಕಡೆ ಸ್ಲ್ಯಾಬ್ ಇರುವುದು ನನ್ನ ಕಣ್ಣಿಗೇ ಕಾಣುತ್ತಿದೆ, ಅದಕ್ಕೆ ಕಾಣುತ್ತಿಲ್ಲ. ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು, ಪಂಪನ್ನು ಯಾರೋ 'ಮೆಟೀರಿಯಲ್' ಅಂತ ಹಾಕಿದ್ದರು. (ಯಾರೋ ಏನು, ನಾನೇ.) ಮೆಟೀರಿಯಲ್ ಅಂದರೆ ಸಿಮೆಂಟ್, ಮರಳು ಇದ್ದ ಹಾಗೆ, ಬೇಕಾದಷ್ಟು ತರಿಸಬಹುದು ಅಂತ ಪ್ರಾಜೆಕ್ಟ್ ಅಂದುಕೊಳ್ಳುತ್ತದೆ. ಅದಕ್ಕೆ ಮ್ಯಾಕ್ಸ್ ಯೂನಿಟ್ಸ್, ಅಂದರೆ ಒಟ್ಟಿಗೆ ಎಷ್ಟು ಸಿಗುತ್ತದೆ ಅನ್ನುವ ಮಿತಿಯೇ ಇರುವುದಿಲ್ಲ, ಹಾಗಾಗಿ ಎಷ್ಟು ಹೇರಿದರೂ ಕೆಂಪಾಗುವುದಿಲ್ಲ. ಪಂಪು, ಕ್ರೇನು, ಜೆಸಿಬಿ ಇಂಥವು ಮನುಷ್ಯರಲ್ಲದಿದ್ದರೂ 'ವರ್ಕ್' ಅಂತಲೇ ಹಾಕಬೇಕು. ಒಂದೇ ಪಂಪ್ ಇದ್ದರೆ ಮ್ಯಾಕ್ಸ್ ಯೂನಿಟ್ಸ್ 100%. ಗ್ಯಾಂಗಿಗೆ ಒಬ್ಬೊಬ್ಬರ ಹೆಸರು ಬರೆಯುವ ಕಷ್ಟ ಬೇಡ, ಒಂದೇ ಸಾಲು ಹಾಕಿ 1400% ಅಂದರೆ 14 ಜನ ಅಂತ ಅರ್ಥ. ಈ ಶೇಕಡಾ ಕಿರಿಕಿರಿ ಅನ್ನಿಸಿದರೆ ಆಪ್ಷನ್ಸ್‌ನಲ್ಲಿ ಬದಲಾಯಿಸಿಕೊಂಡು ಬರೀ 14 ಅಂತಲೂ ತೋರಿಸಬಹುದು.

ಅದೇ ದಿನ ಸಂಜೆ ಇನ್ನೊಂದು ಎಡವಟ್ಟು. ಶೇರ್ ರಿಸೋರ್ಸಸ್ ಡಬ್ಬಿಯ ಕೆಳಗೆ ಒಂದು ಪ್ರಶ್ನೆ ಇರುತ್ತದೆ. ಪೂಲಿನ ಮಾಹಿತಿಗೂ ಸೈಟ್ ಫೈಲಿನ ಮಾಹಿತಿಗೂ ತಾಳೆಯಾಗದಿದ್ದರೆ ಯಾರ ಮಾತು ನಡೆಯಬೇಕು, ಪೂಲಿನದಾ, ಹಂಚಿಕೊಳ್ಳುವ ಫೈಲಿನದಾ? ಅದು ತಾನಾಗಿ ಪೂಲ್ ಅಂತಲೇ ಇರುತ್ತದೆ. ಕೂರ್ಗಳ್ಳಿ ಫೈಲ್ ಜೋಡಿಸುವಾಗ, ಅಲ್ಲಿನ ರೇಟು ಹೊಸದು ಅನ್ನೋ ಆಸೆಗೆ, ಎರಡನೆಯದನ್ನು ಒತ್ತಿದೆ. ಆ ಫೈಲಿನಲ್ಲಿ ಗ್ಯಾಂಗಿನ ಯೂನಿಟ್ 100% ಅಂತ ಹಾಗೇ ಬಿಟ್ಟಿದ್ದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪೂಲಿನಲ್ಲಿ 14 ಜನರ ಗ್ಯಾಂಗು ಒಬ್ಬನೇ ಮನುಷ್ಯನಾಯಿತು, ನಾಲ್ಕೂ ಸೈಟಿನ ಕಂಬಿ ಕೆಲಸವೆಲ್ಲ ಕೆಂಪು ಕೆಂಪು. ಅವತ್ತಿಂದ ಆ ಎರಡನೇ ಗುಂಡಿ ಕಡೆ ಮೌಸ್ ಸಹ ಒಯ್ಯುವುದಿಲ್ಲ.

ಮೂರನೇ ದಿನ ಕಡೆಗೂ ನೋಡಬೇಕಾದ್ದು ಕಂಡಿತು. ರಿಸೋರ್ಸ್ ಯೂಸೇಜ್ ಅಂತ ಒಂದು ನೋಟ ಇದೆ. ಎಡಗಡೆ ಮನುಷ್ಯನ ಹೆಸರು, ಅದರ ಕೆಳಗೆ ಅವನ ಕೆಲಸಗಳು, ಬಲಗಡೆ ದಿನದಿನದ ಗಂಟೆ. ಇದರಲ್ಲಿ ಪ್ರಾಜೆಕ್ಟ್ ಅನ್ನುವ ಕಾಲಮ್ ಒಂದನ್ನು ಸೇರಿಸಿಕೊಂಡರೆ ಯಾವ ಕೆಲಸ ಯಾವ ಫೈಲಿನದು ಅಂತಲೂ ಗೊತ್ತಾಗುತ್ತದೆ. ಇದನ್ನು ಸೇರಿಸದೆ ನೋಡಿದರೆ 'ಮಾರ್ಕಿಂಗ್, ಮಾರ್ಕಿಂಗ್, ಮಾರ್ಕಿಂಗ್' ಅಂತ ಮೂರು ಸಾಲು ಇರುತ್ತದೆ, ಯಾರ ಮನೆಯದು ಅಂತ ತಿಳಿಯುವುದಿಲ್ಲ. ನಾನು ಹಿಂದಕ್ಕೆ ಸರಿಸಿಕೊಂಡು ಆ ಸೋಮವಾರದ ಚೌಕಕ್ಕೆ ಬಂದೆ. ಬೋಗಾದಿ 8 ಗಂಟೆ. ನಂಜನಗೂಡು 8 ಗಂಟೆ. ಕೂರ್ಗಳ್ಳಿ 8 ಗಂಟೆ. ಮೇಲೆ ಸರ್ವೇಯರ್ ಸಾಲಿನಲ್ಲಿ ಕೆಂಪಗೆ 24. ನಾವು ಆ ಮನುಷ್ಯನಿಗೆ ಒಂದು ದಿನಕ್ಕೆ 24 ಗಂಟೆ ಕೆಲಸ ಕೊಟ್ಟಿದ್ದೆವು, ಯಾರಿಗೂ ಗೊತ್ತೇ ಇರಲಿಲ್ಲ. ಅವರನ್ನೇ ಕರೆದು ತೋರಿಸಿದೆ. ನಕ್ಕರು. "ನನಗೆ ಗೊತ್ತಿತ್ತಲ್ಲ ಸಾರ್" ಅಂದರು.

ಪೂಲ್ ಹೊಸದಾಗಿ ಒಬ್ಬ ಸರ್ವೇಯರನ್ನು ಕೊಡಲಿಲ್ಲ, ಇರೋದು ಅದೇ ಒಬ್ಬರು. ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಆಗುತ್ತಿದ್ದ ಜಗಳ ಈಗ ಎರಡು ವಾರ ಮೊದಲೇ ನನ್ನ ಪರದೆ ಮೇಲೆ ಆಗುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ಎರಡು ವಾರ ಸಣ್ಣದಲ್ಲ. ಎರಡು ವಾರದಲ್ಲಿ ಹೊರಗಿನಿಂದ ಒಬ್ಬ ಸರ್ವೇಯರನ್ನು ಒಂದು ದಿನದ ಮಟ್ಟಿಗೆ ಗೊತ್ತು ಮಾಡಬಹುದು.

ಇನ್ನು ಈ ಪೂಲ್ ಫೈಲನ್ನು ಯಾರು ಮುಟ್ಟಬೇಕು ಅನ್ನೋದು. ನಮ್ಮ ತಾತನ ಊರು ಮಂಡ್ಯ ಕಡೆ. ಅಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಗದ್ದೆ ಎಲ್ಲರದ್ದು, ನೀರು ಎಲ್ಲರದ್ದು, ಆದರೆ ತೂಬು ಎತ್ತುವ ಕೈ ಒಂದೇ. ಸರದಿ ಬಂದಾಗ ಅವನೇ ಬಂದು ನಿಮ್ಮ ಗದ್ದೆಗೆ ಮಡೆ ತಿರುಗಿಸಿ ಹೋಗುತ್ತಿದ್ದ, ಅದಕ್ಕೆ ಸುಗ್ಗಿಯಲ್ಲಿ ಒಂದಷ್ಟು ಭತ್ತ. ರಾತ್ರಿ ಕದ್ದು ತೂಬು ಎತ್ತಿದವರ ಕಥೆಗಳನ್ನು ತಾತ ಹೆಸರು ಸಮೇತ ಹೇಳುತ್ತಿದ್ದರು. ಪೂಲ್ ಫೈಲಿಗೂ ಅಂಥ ಒಬ್ಬ ಬೇಕು. ಅದನ್ನು ತೆರೆಯಲು ಹೋದಾಗ ಪ್ರಾಜೆಕ್ಟ್ ಮೂರು ದಾರಿ ಕೊಡುತ್ತದೆ. ಬರೀ ಓದಲು ತೆರೆಯುವುದು, ಆಗ ಉಳಿದವರೂ ತಮ್ಮ ಫೈಲಿನಲ್ಲಿ ಕೆಲಸ ಮಾಡುತ್ತಾ ಇರಬಹುದು. ತಿದ್ದಲು ತೆರೆಯುವುದು, ಆಗ ರೇಟು, ರಜೆ ಎಲ್ಲ ಬದಲಾಯಿಸಬಹುದು, ಆದರೆ ನೀವು ಮುಚ್ಚುವ ತನಕ ಬೇರೆ ಯಾರೂ ಪೂಲಿಗೆ ಬರೆಯುವ ಹಾಗಿಲ್ಲ. ಮೂರನೆಯದು, ತಿದ್ದಲು ತೆರೆದು ಜೋಡಿಸಿರುವ ಎಲ್ಲಾ ಫೈಲನ್ನೂ ಒಂದು ಹೊಸ ಮಾಸ್ಟರ್ ಒಳಗೆ ತರುವುದು.

ನಮ್ಮಲ್ಲಿ ಒಮ್ಮೆ ಹೀಗಾಯಿತು. ಒಬ್ಬ ಸೈಟ್ ಇಂಜಿನಿಯರ್ ಆಫೀಸಿಗೆ ಬಂದು, ಪೂಲನ್ನು ತಿದ್ದಲು ತೆರೆದು, ಹಾಗೇ ಬಿಟ್ಟು ಟೀಗೆ ಹೋಗಿ, ಅಲ್ಲಿಂದ ಸೈಟಿಗೆ ಹೋಗಿ, ಅಲ್ಲಿಂದ ಮನೆಗೂ ಹೋದ. ಆ ದಿನ ಪೂರ್ತಿ ಯಾರ ಬದಲಾವಣೆಯೂ ಪೂಲಿಗೆ ಸೇರಲಿಲ್ಲ. ಈಗ ತಿದ್ದುವ ಕೆಲಸ ನನ್ನದೊಬ್ಬನದೇ. ಉಳಿದವರು ತಮ್ಮ ಫೈಲ್ ತೆರೆದಾಗ, ಪೂಲನ್ನೂ ತೆರೆಯಲಾ ಬೇಡವಾ ಅಂತ ಅದು ಕೇಳುತ್ತದೆ, ತೆರೆ ಅನ್ನಬೇಕು. ಬೇಡ ಅಂದರೆ ಮತ್ತೆ ತಮ್ಮ ಸೈಟಿನ ಲೆಕ್ಕ ಮಾತ್ರ ಕಾಣುತ್ತದೆ, ಹಳೇ ಕಥೆಯೇ. ಕೆಲಸ ಮುಗಿದ ಮೇಲೆ 'ಅಪ್‌ಡೇಟ್ ರಿಸೋರ್ಸ್ ಪೂಲ್' ಒತ್ತಬೇಕು. ಬೇರೆಯವರು ಏನು ಬದಲಾಯಿಸಿದ್ದಾರೆ ನೋಡಲು 'ರಿಫ್ರೆಶ್'. ಈ ಎರಡು ಮಾತನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮಾನಿಟರ್ ಮೇಲೆ ಅಂಟಿಸಿದ್ದೇನೆ, ಆದರೂ ವಾರಕ್ಕೊಬ್ಬರು ಮರೆಯುತ್ತಾರೆ.

ಕದ್ದು ತೂಬು ಎತ್ತುವವರು ಈ ಕಾಲದಲ್ಲೂ ಇದ್ದಾರೆ, ಅವರಿಗೆ ತಾವು ಕದಿಯುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ ಅಷ್ಟೇ. ಒಂದು ದಿನ ನೋಡಿದರೆ ಸರ್ವೇಯರ್ ಮುಂದಿನ ತಿಂಗಳು ಪೂರ್ತಿ ಎರಡರಷ್ಟು ಕೆಲಸದಲ್ಲಿ ಮುಳುಗಿದ್ದಾರೆ. ಅದೇ ಕೆಲಸ, ಅದೇ ತಾರೀಕು, ಎರಡೆರಡು ಸಲ. ಪ್ರಾಜೆಕ್ಟ್ ಕಾಲಮ್ ನೋಡಿದೆ. ಒಂದು ಕಡೆ 'ಬೋಗಾದಿ', ಅದರ ಕೆಳಗೆ 'ಬೋಗಾದಿ ಫೈನಲ್ 2'. ಹುಡುಗ ಒಬ್ಬ ಎಂಡಿಗೆ ತೋರಿಸಲು ಸೇವ್ ಆ್ಯಸ್ ಮಾಡಿ ಒಂದು ಕಾಪಿ ಇಟ್ಟುಕೊಂಡಿದ್ದ. ಕಾಪಿ ಮಾಡಿದಾಗ ಪೂಲಿನ ಲಿಂಕೂ ಅದರ ಜೊತೆಗೇ ಹೋಗುತ್ತದೆ. ಅದನ್ನು ತೆರೆದು ಸೇವ್ ಮಾಡಿದ ಕೂಡಲೇ ಪೂಲಿನ ಲೆಕ್ಕದಲ್ಲಿ ನಮಗೆ ಐದನೇ ಸೈಟ್ ಬಂತು, ಇಲ್ಲದ ಸೈಟು. ಬಿಡಿಸೋದು ಸುಲಭ, ಪೂಲನ್ನು ತಿದ್ದಲು ತೆರೆದು ಅದೇ ಶೇರ್ ರಿಸೋರ್ಸಸ್ ಡಬ್ಬಿಗೆ ಹೋದರೆ ಯಾವ ಯಾವ ಫೈಲು ಜೋಡಿಸಿಕೊಂಡಿವೆ ಅಂತ ಪಟ್ಟಿ ಇರುತ್ತದೆ, ಬೇಡದ್ದನ್ನು ಆರಿಸಿ ಬ್ರೇಕ್ ಲಿಂಕ್. ಕಾಪಿ ಬೇಕೇ ಬೇಕು ಅನ್ನುವವರಿಗೆ ಪಿಡಿಎಫ್ ಕೊಡುತ್ತೇನೆ. ಫೋಲ್ಡರ್ ಹೆಸರು ಬದಲಾಯಿಸುವುದು, ಪೂಲನ್ನು 'ಚೆನ್ನಾಗಿ ಕಾಣಲಿ' ಅಂತ ಬೇರೆ ಜಾಗಕ್ಕೆ ಎಳೆದು ಹಾಕುವುದು, ಇವೂ ಇದೇ ಜಾತಿಯವು. ಫೈಲುಗಳು ಒಂದನ್ನೊಂದು ಹುಡುಕುವುದು ಇರುವ ಜಾಗದ ವಿಳಾಸದಿಂದ. ಮನೆ ಬದಲಾಯಿಸಿದರೆ ಕಾಗದ ಹಳೇ ಮನೆಗೇ ಹೋಗುತ್ತದೆ.

ಲೆವೆಲಿಂಗ್, ಅಂದರೆ ಒಬ್ಬರ ಮೇಲೆ ಹೆಚ್ಚಾಗಿ ಬಿದ್ದ ಕೆಲಸವನ್ನು ಸಾಫ್ಟ್‌ವೇರೇ ಹೊಂದಿಸುವುದು, ಅದರ ಬಗ್ಗೆ ಹೇಳದಿದ್ದರೆ ಕಮೆಂಟಿನಲ್ಲಿ ಕೇಳುತ್ತೀರಿ. ಕೆಂಪು ಕಂಡಾಗ 'ಲೆವೆಲ್ ಆಲ್' ಅಂತ ಒಂದು ಗುಂಡಿ ಕರೆಯುತ್ತಾ ಇರುತ್ತದೆ. ನನ್ನ ಮಾತು ಕೇಳಿ, ಮೊದಲ ಸಲ ಅದನ್ನು ಒತ್ತುವ ಮುಂಚೆ ಎಲ್ಲಾ ಫೈಲಿನ ಬ್ಯಾಕಪ್ ತೆಗೆದಿಡಿ, ಬೇಸ್‌ಲೈನ್ (ಈಗಿನ ಪ್ಲಾನಿನ ತಾರೀಕುಗಳ ದಾಖಲೆ) ಹಾಕಿಡಿ. ಅದು ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ಮುಂದಕ್ಕೆ ತಳ್ಳುವುದು. ಸರ್ವೇಯರ್ ಬದಲು ಇನ್ನೊಬ್ಬರನ್ನು ಹಾಕುವ ಬುದ್ಧಿ ಅದಕ್ಕಿಲ್ಲ. ಮೂರು ಸೈಟಿನ ಕೆಲಸ ಒಬ್ಬರ ಮೇಲೆ ಬಿದ್ದಿದ್ದರೆ ಒಂದನ್ನು ಇವತ್ತಿಗೆ ಬಿಟ್ಟು ಉಳಿದೆರಡನ್ನು ಸಾಲಾಗಿ ತಳ್ಳುತ್ತದೆ. ಯಾವುದನ್ನು ತಳ್ಳಬೇಕು ಅನ್ನುವುದಕ್ಕೆ ಪ್ರಯಾರಿಟಿ ನಂಬರ್ ಇದೆ, 0 ಯಿಂದ 1000 ತನಕ, ಹೇಳದಿದ್ದರೆ ಎಲ್ಲಕ್ಕೂ 500. 1000 ಕೊಟ್ಟರೆ ಅದನ್ನು ಮುಟ್ಟುವುದೇ ಇಲ್ಲ. ಈ ನಂಬರ್ ಒಂದೊಂದು ಕೆಲಸಕ್ಕೂ ಕೊಡಬಹುದು, ಇಡೀ ಪ್ರಾಜೆಕ್ಟಿಗೂ ಕೊಡಬಹುದು.

ಎಡವಿದ್ದು ಇಲ್ಲೇ. ನಾಲ್ಕೂ ಸೈಟ್ ಇಂಜಿನಿಯರುಗಳಿಗೆ ನಿಮ್ಮ ಪ್ರಯಾರಿಟಿ ಹಾಕಿಕೊಳ್ಳಿ ಅಂದೆ. ನಾಲ್ವರೂ 1000 ಹಾಕಿಕೊಂಡರು. ಹಾಕದೇ ಇರುತ್ತಾರಾ? ಲೆವೆಲ್ ಒತ್ತಿದರೆ ಒಂದೂ ಕದಲಲಿಲ್ಲ. ಆಮೇಲೆ ಎಂಡಿ ಸರ್ ಹತ್ತಿರ ಹೋಗಿ, ಈ ನಂಬರ್ ನಾನು ಹಾಕುವುದಲ್ಲ, ಅವರು ಹಾಕುವುದೂ ಅಲ್ಲ, ಯಾವ ಸೈಟ್ ಕಾಯಬಹುದು ಅಂತ ನೀವು ಹೇಳಬೇಕು ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ಪೆನ್ ತೆಗೆದು ಕೂರ್ಗಳ್ಳಿ 700, ಬೋಗಾದಿ 600, ನಂಜನಗೂಡು 500, ಕೊನೆಯದಕ್ಕೆ 400 ಬರೆದುಕೊಟ್ಟರು. 400 ಬಿದ್ದ ಸೈಟಿನ ಇಂಜಿನಿಯರ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ಇನ್ನೊಂದು ಸಣ್ಣ ವಿಷಯ. ಎಲ್ಲಾ ಕೆಂಪೂ ಜಗಳವಲ್ಲ. ಸರ್ವೇಯರಿಗೆ ಒಂದು ಕಡೆ ಮೂರು ಗಂಟೆ, ಇನ್ನೊಂದು ಕಡೆ ಮೂರು ಗಂಟೆ, ಎರಡೂ ಬೆಳಿಗ್ಗೆ ಎಂಟಕ್ಕೆ ಶುರು ಅಂತ ಇದ್ದರೂ ಹೆಸರು ಕೆಂಪಾಗುತ್ತದೆ. ದಿನದ ಲೆಕ್ಕ ಆರು ಗಂಟೆ ಅಷ್ಟೇ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಾಡಿಕೊಳ್ಳಬಹುದು. ಲೆವೆಲಿಂಗ್ ಆಪ್ಷನ್ಸ್‌ನಲ್ಲಿ 'ದಿನದ ಲೆಕ್ಕದಲ್ಲಿ ನೋಡು' ಅಂತ ಇರುವುದನ್ನು ಹಾಗೇ ಬಿಡಿ. ಹೆಸರಿನ ಪಕ್ಕ ಹಳದಿ ಗುರುತು ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಕ್ಯಾಲೆಂಡರ್ ವಿಷಯದಲ್ಲಿ ಪೂಲ್ ನಿಜವಾಗಿ ಉಪಕಾರ ಮಾಡಿತು. ಪ್ರಾಜೆಕ್ಟಿನ ಸ್ಟ್ಯಾಂಡರ್ಡ್ ಕ್ಯಾಲೆಂಡರಿನಲ್ಲಿ ಶನಿವಾರ ರಜೆ. ನಮ್ಮಲ್ಲಿ ಶನಿವಾರ ಬಟವಾಡೆ ದಿನ, ಯಾರು ಬರದಿದ್ದರೂ ಅವತ್ತು ಎಲ್ಲರೂ ಬರುತ್ತಾರೆ. ಅದನ್ನು ಆರು ದಿನ ಮಾಡಿದರೆ ಸಾಲದು, ಆಪ್ಷನ್ಸ್‌ನಲ್ಲಿ ವಾರಕ್ಕೆ 40 ಗಂಟೆ ಅಂತ ಇರುವುದನ್ನೂ 48 ಮಾಡಬೇಕು, ಇಲ್ಲದಿದ್ದರೆ 'ಒಂದು ವಾರ' ಅಂತ ಬರೆದ ಕೆಲಸ ಐದೇ ದಿನಕ್ಕೆ ಮುಗಿಯುತ್ತದೆ. ಆಯುಧಪೂಜೆ ದಿನ ಪಂಪ್ ಮುಟ್ಟುವ ಹಾಗಿಲ್ಲ, ಕುಂಕುಮ ಇಟ್ಟು ಹೂ ಹಾಕಿ ನಿಲ್ಲಿಸಿರುತ್ತಾರೆ. ಗ್ಯಾಂಗಿನವರು ರಾಯಚೂರು ಕಡೆಯವರು, ಯುಗಾದಿಗೆ ಊರಿಗೆ ಹೋದರೆ ಬರುವುದು ವಾರದ ಮೇಲೆ. ಮೊದಲು ಇದನ್ನು ನಾಲ್ಕು ಫೈಲಿನಲ್ಲೂ ಹಾಕಬೇಕಿತ್ತು, ಒಂದರಲ್ಲಿ ಮರೆತೇ ಮರೆಯುತ್ತಿದ್ದೆ. ಈಗ ಪೂಲಿನಲ್ಲಿ ಗ್ಯಾಂಗಿನ ಹೆಸರಿನ ಮೇಲೆ ಒಮ್ಮೆ ರಜೆ ಹಾಕಿದರೆ ನಾಲ್ಕೂ ಕಡೆ ಕಂಬಿ ಕೆಲಸ ತಾನಾಗೇ ಹಬ್ಬ ಮುಗಿಸಿಕೊಂಡು ಬರುತ್ತದೆ.

ಈಗ ಶನಿವಾರ ಬಟವಾಡೆ ಆದ ಮೇಲೆ ಅರ್ಧ ಗಂಟೆ ಎಲ್ಲರೂ ಕೂರುತ್ತೇವೆ. ಮುಂದಿನ ಎರಡು ವಾರದ ಯೂಸೇಜ್ ಪ್ರಿಂಟ್ ಮೇಜಿನ ಮೇಲಿರುತ್ತದೆ. ಮೊನ್ನೆ ಸರ್ವೇಯರ್ ತಾವೂ ಬಂದು ಕೂತರು. ಕನ್ನಡಕ ಹಾಕಿಕೊಂಡು ತಮ್ಮ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದರು. ಗುರುವಾರಕ್ಕೆ ಬಂದು ನಿಂತರು. ಬೆಳಿಗ್ಗೆ ಕೂರ್ಗಳ್ಳಿ ನಾಲ್ಕು ಗಂಟೆ, ಮಧ್ಯಾಹ್ನ ನಂಜನಗೂಡು ನಾಲ್ಕು ಗಂಟೆ, ಒಟ್ಟು 8, ಕಪ್ಪು ಅಕ್ಷರ, ಎಲ್ಲಾ ಸರಿ.

"ಸಾರ್, ಇಲ್ಲಿಂದ ಅಲ್ಲಿಗೆ ನಾನು ಹೋಗೋದು ಯಾವಾಗ?"

ಯಾರೂ ಮಾತಾಡಲಿಲ್ಲ. ಕಂಪ್ಯೂಟರ್ ಹತ್ತಿರ ಹೋಗಿ ನಂಜನಗೂಡು ಫೈಲಿನಲ್ಲಿ 'ಓಡಾಟ' ಅಂತ ಒಂದು ಕೆಲಸ ಸೇರಿಸಿ ಒಂದು ಗಂಟೆ ಬರೆದೆ. ಗುರುವಾರ 9 ಆಯಿತು, ಕೆಂಪಾಯಿತು.